ಗುರಾಣಿ ಹಿಡಿದ ಅತ್ತೆ

ಹೆಂಡತಿ: ನಮ್ಮಮ್ಮ ಸತ್ರೆ ನೀವು ನಗ್ತೀರಲ್ರೀ!

ಪ್ಲಂಬರ್: ಮೊದಲ್ನೇ ಸಲ ನಗ್ಲಿಲ್ಲ ಕಣೆ. ಎರಡನೇ ಸಲ ಸತ್ತಾಗ ಸ್ವಲ್ಪ ಬಂತು.

ಹೆಂಡತಿ: ಆಟದ ಗೊಂಬೆಗೆ ಇಡೋಕೆ ಬೇರೆ ಹೆಸರೇ ಸಿಗ್ಲಿಲ್ವಾ?

ಪ್ಲಂಬರ್: ಗಟ್ಟಿ ಹೆಂಗಸು, ದಾರಿಗೆ ಅಡ್ಡ ನಿಲ್ತಾಳೆ, ಎಷ್ಟು ಹೊಡೆದ್ರೂ ಜಗ್ಗಲ್ಲ ಅಂತ ಬರೆದಿತ್ತು. ತಕ್ಷಣ ಅತ್ತೆ ನೆನಪಾದ್ರು.

ಪ್ಲಂಬರ್ ಏಣಿಯಿಂದ ಬಿದ್ದು ಹದಿನೈದು ದಿನವಾಗಿತ್ತು. ಬಲಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿ, ಪ್ಲಾಸ್ಟರು ಎರಡು ದಿಂಬಿನ ಮೇಲೆ. ಬೇಜಾರು ಕಳೆಯಲಿ ಎಂದು ಬಾಮೈದ ಒಂದು ವಿಡಿಯೋ ಗೇಮ್ ತಂದು ಟಿವಿಗೆ ಸಿಕ್ಕಿಸಿ ಹೋಗಿದ್ದ. ನಾಲ್ಕು ಜನರ ತಂಡ ಕಟ್ಟಿಕೊಂಡು, ದೇಶ ಸುತ್ತಿ, ರಾಕ್ಷಸರನ್ನು ಕೊಲ್ಲುವ ಆಟ. ಹೆಸರು ನಾವೇ ಇಡಬಹುದು. ಕತ್ತಿ ಹಿಡಿದ ವೀರನಿಗೆ ಪ್ಲಂಬರ್ ತನ್ನ ಹೆಸರಿಟ್ಟ. ಬೀಗ ಮುರಿಯುವ ಕಳ್ಳನಿಗೆ ಬಾಮೈದನ ಹೆಸರು. ಗುರಾಣಿ ಹಿಡಿದು ಮುಂದೆ ನಿಲ್ಲುವವಳು ಅತ್ತೆ. ನಾಲ್ಕನೆಯವಳು ಬಿಳಿ ಬಟ್ಟೆಯ ಚೆಲುವೆ. ಅವಳು ಕೈ ಇಟ್ಟರೆ ಗಾಯ ಮಾಯ. ಅವಳು ಬಂದಾಗಲೆಲ್ಲ ಹೆಂಡತಿ ಮುಖ ಅರಳಿಸಿಕೊಂಡು ನೋಡುತ್ತಿದ್ದಳು. ಯಾಕೆ ಎಂದು ಪ್ಲಂಬರ್ ಕೇಳಲಿಲ್ಲ.

ಅಸಲಿ ಅತ್ತೆ ಅಳಿಯನನ್ನು ನೋಡಿಕೊಳ್ಳಲು ಬಂದಿದ್ದವರು, ಎಂಟು ದಿನದ ಹಿಂದೆ ಬ್ಯಾಗ್ ತುಂಬಿಕೊಂಡು ಹೊರಟುಹೋಗಿದ್ದರು. "ಕಾಲು ಹೀಗಿಡಿ, ಹಾಗಿಡಿ" ಎಂದು ಇಡೀ ದಿನ ಹೇಳಿದ್ದಕ್ಕೆ ಪ್ಲಂಬರ್, "ನೀವು ಬಾಯಿಗೊಂದು ಪ್ಲಾಸ್ಟರ್ ಹಾಕಿಸ್ಕೊಳ್ಳಿ ಅತ್ತೆ" ಅಂದಿದ್ದ. ಈಗ ಹೆಂಡತಿಯ ರಜ ಇವತ್ತಿಗೆ ಮುಗಿಯಿತು. ನಾಳೆ ಎಂಟಕ್ಕೆ ಗಾರ್ಮೆಂಟ್ಸಿನಲ್ಲಿ ಅವಳ ಹೊಲಿಗೆ ಮೆಷಿನ್ ಮುಂದೆ ಅವಳು ಕೂರದಿದ್ದರೆ ಬೇರೆಯವಳು ಕೂರುತ್ತಾಳೆ, ಕೂತವಳು ಏಳುವುದಿಲ್ಲ. ಅತ್ತೆ ಬರಲು ತಯಾರಿದ್ದರು. ಆದರೆ ಅಳಿಯನೇ ಬಾಯಿಬಿಟ್ಟು ಕರೆಯಬೇಕು.

ಹೆಂಡತಿ: ಒಂದು ಫೋನ್ ಮಾಡಿ ಅಂದ್ರೆ ಕತ್ತಿ ಬೀಸ್ತಾ ಕೂತಿದೀರ.

ಪ್ಲಂಬರ್: ಬೀಸೋಕೆ ಎಲ್ಲಿ ಬಿಡ್ತಾರೆ? ಒಂದೇಟು ಹೊಡೀಬೇಕಾದ್ರೆ ಎರಡು ನಿಮಿಷ ಭಾಷಣ. ಅಷ್ಟು ಹೊತ್ತೂ ರಾಕ್ಷಸ ಸುಮ್ನೆ ನಿಂತಿರ್ತಾನೆ. ನಾವು ಹೊಡೆದ ಮೇಲೇ ಅವನ ಸರದಿ.

ಹೆಂಡತಿ: ಅಂದ್ರೆ ಒಬ್ರು ಮಾತಾಡೋವಾಗ ಇನ್ನೊಬ್ರು ಬಾಯಿ ಹಾಕಲ್ಲ?

ಪ್ಲಂಬರ್: ಹಾಕಲ್ಲ.

ಹೆಂಡತಿ: ರಾಕ್ಷಸನಿಗಿರೋ ಬುದ್ಧಿ!

ಪ್ಲಂಬರ್: ಜನಾನೂ ಹಾಗೇ. ಊರಿಗೆ ಬೆಂಕಿ ಬಿದ್ದಿದೆ, ಮಂತ್ರಿ ಬಂದು ನನ್ನ ಬೆಕ್ಕು ಕಳೆದೋಗಿದೆ ಹುಡುಕ್ಕೊಡು ಅಂತಾನೆ.

ಹೆಂಡತಿ: ಹುಡುಕ್ಕೊಟ್ರಾ?

ಪ್ಲಂಬರ್: ದೊಡ್ಡ ಮನುಷ್ಯ, ಕೇಳಿದ. ಇಲ್ಲ ಅನ್ನೋಕಾಗುತ್ತಾ?

ಹೆಂಡತಿ: ಯಾವನದೋ ಬೆಕ್ಕಿಗೆ ಊರೆಲ್ಲ ಅಲೀತೀರ. ನಮ್ಮಮ್ಮನಿಗೆ ಒಂದು ಫೋನಿಲ್ಲ. ಅದಿರ್ಲಿ, ಅವರು ಸತ್ತಿದ್ದು ಹೇಗೆ?

ಪ್ಲಂಬರ್ ತಲೆ ತಗ್ಗಿಸಿದ.

ಪ್ಲಂಬರ್: ಕೋಟೆ ಕೆಳಗೆ ಮೋರಿ ಇತ್ತು. ಇಷ್ಟು ದಪ್ಪ ಪೈಪು. ನೋಡ್ತೀನಿ, ಇಳಿಜಾರೇ ಕೊಟ್ಟಿಲ್ಲ ಕಣೆ! ನೀರು ಹೇಗೆ ಹೋಗುತ್ತೆ? ಜಾಯಿಂಟ್ ನೋಡೋಣ ಅಂತ ಹೋದೆ.

ಹೆಂಡತಿ: ಯುದ್ಧ ಬಿಟ್ಟು?

ಪ್ಲಂಬರ್: ಅತ್ತೆ ನಿಂತಿದ್ರಲ್ಲ ಮುಂದೆ.

ಹೆಂಡತಿ: ಎರಡನೇ ಸಲ?

ಪ್ಲಂಬರ್: ಆ ಕಡೆ ಜಾಯಿಂಟ್ ನೋಡಿರ್ಲಿಲ್ಲ.

ಹೆಂಡತಿ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಟಿವಿಯಲ್ಲಿ ಮತ್ತೆ ಜೀವ ಬಂದ ಅತ್ತೆ, ಬೆಂಕಿಯ ಪಕ್ಕ ಗುರಾಣಿ ಒರಗಿಸಿ, ತಂಡಕ್ಕೆ ಬೆನ್ನು ಮಾಡಿ ಕೂತಿದ್ದಳು.

ಹೆಂಡತಿ: ಅಯ್ಯೋ, ಥೇಟ್ ನಮ್ಮಮ್ಮನೇ! ಎಷ್ಟು ಹೊತ್ತಾಯ್ತು ಹೀಗೆ ಕೂತು?

ಪ್ಲಂಬರ್: ಬೆಳಿಗ್ಗೆಯಿಂದ. ಇವಳಿಲ್ದೆ ಮೂರು ಜನ ಹೋದ್ವಿ. ರಾಕ್ಷಸ ಮೂರು ಜನರನ್ನೂ ಚಚ್ಚಿ ಹಾಕಿದ. ಆರು ಸಲ.

ಹೆಂಡತಿ: ಕರೀರಿ ಮತ್ತೆ.

ಪ್ಲಂಬರ್: ಕರೆದೆ. ಏನು ಹೇಳ್ಬೇಕು ಅಂತ ಮೂರು ಸಾಲು ಬರುತ್ತೆ. ಮೂರನೇದು ಒತ್ತಿದೆ. "ಸುಮ್ನೆ ಎದ್ದು ಬಾ." ಇನ್ನೂ ಆ ಕಡೆ ತಿರುಗಿದ್ಳು.

ಹೆಂಡತಿ: ಮೊದಲ್ನೇದು ಏನಿದೆ?

ಪ್ಲಂಬರ್: "ತಪ್ಪು ನನ್ನದು."

ಹೆಂಡತಿ: ಒತ್ತಿ.

ಪ್ಲಂಬರ್: ತಪ್ಪು ಪೈಪ್ ಹಾಕಿದೋನದು.

ಹೆಂಡತಿ: ಸತ್ತೋರು ಯಾರು, ಪೈಪ್ ನೋಡ್ತಾ ನಿಂತೋರು ಯಾರು? ಒತ್ರೀ!

ಪ್ಲಂಬರ್ ಬೆವರೊರೆಸಿಕೊಂಡು ಒತ್ತಿದ. ಅತ್ತೆ ಎದ್ದಳು. ಗುರಾಣಿ ಎತ್ತಿಕೊಂಡಳು, ಹೋಗಿ ರಾಕ್ಷಸನ ಎದುರು ನಿಂತಳು. ಅವನು ಹೊಡೆದ, ಹೊಡೆದ, ಹೊಡೆದು ಸುಸ್ತಾದ. ಹಿಂದಿನಿಂದ ಪ್ಲಂಬರ್ ಹೋಗಿ ಒಂದೇಟು ಹಾಕಿದ್ದೇ ತಡ, ರಾಕ್ಷಸ ಧೊಪ್ಪೆಂದು ಬಿದ್ದ.

ಪ್ಲಂಬರ್: ನೋಡಿದ್ಯಾ! ಒಂದೇ ಮಾತಿಗೆ ಬಂದ್ಬಿಟ್ಳು ಕಣೆ! ಒಂದೇ ಮಾತು!

ಹೆಂಡತಿ: ನೋಡ್ದೆ. ತಗೊಳ್ಳಿ, ರಿಂಗ್ ಆಗ್ತಿದೆ.

ಅಷ್ಟರಲ್ಲಿ ಅವಳು ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಪ್ಲಾಸ್ಟರಿನ ಮೇಲೆ ನಿಲ್ಲಿಸಿದ್ದಳು.

ಅತ್ತೆ: ಹಲೋ? ಯಾರು?

ಪ್ಲಂಬರ್ ಬಾಯಿ ತೆರೆದ. ಅವನ ಮುಂದೆ ಮೂರು ಸಾಲು ಮೂಡಲಿಲ್ಲ. ಹೆಂಡತಿಯ ಮುಖ ಮಾತ್ರ ಇತ್ತು.

ಪ್ಲಂಬರ್: ಅತ್ತೆ... ನಾನು. ನೀವು ಹೊಡೆತ ತಿಂದಿದ್ದಕ್ಕೇ ನಾವು ಗೆದ್ವಿ.

ಅತ್ತೆ: ಯಾರು ಹೊಡೆತ ತಿಂದಿದ್ದು?

ಪ್ಲಂಬರ್: ನೀವೇ. ಎರಡು ಸಲ ಸತ್ರಿ, ಆದ್ರೂ ಎದ್ದು ಬಂದ್ರಿ. ನೀವು ಮುಂದೆ ನಿಂತ್ರಿ, ನಾನು ಹಿಂದಿಂದ ಹೋಗಿ ಒಂದು ಬಿಟ್ಟೆ.

ಅತ್ತೆ: ಯಾರಿಗೆ ಬಿಟ್ರಿ ಅಳಿಯಂದ್ರೇ? ನನ್ನ ಮಗಳೆಲ್ಲಿ? ಮೊದ್ಲು ಅವಳಿಗೆ ಕೊಡಿ ಫೋನು!

ಹೆಂಡತಿ: ಅಮ್ಮಾ, ಇಲ್ಲೇ ಇದೀನಿ.

ಅತ್ತೆ: ಡಾಕ್ಟ್ರು ಕಾಲಿಗೆ ತಾನೇ ಕಟ್ಟಿದ್ದು? ತಲೇನೂ ನೋಡಿದ್ರಾ?

ಹೆಂಡತಿ: ತಲೆ ಸರಿಯಾಗಿದೆ ಅಮ್ಮ. ಗೇಮು. ತಮ್ಮ ಕೊಟ್ಟಿದ್ದು. ಅದ್ರಲ್ಲಿ ನಿನ್ನನ್ನ ಗುರಾಣಿ ಹಿಡಿಸಿ ನಿಲ್ಸಿದಾರೆ.

ಪ್ಲಂಬರ್ ಫೋನಿನ ಕಡೆ ಬಗ್ಗಿದ.

ಪ್ಲಂಬರ್: ಅತ್ತೆ, ಅವತ್ತು ಆಡಿದ ಮಾತು... ತಪ್ಪು ನಂದು. ಬನ್ನಿ. ನಾಳೆ ಇವಳು ಕೆಲ್ಸಕ್ಕೆ ಹೋಗ್ಬೇಕು. ನೀವಿಲ್ದೆ ಆಗಲ್ಲ.

ಅತ್ತೆ: ಹ್ಞೂಂ. (ಗಂಟಲು ಸರಿಮಾಡಿಕೊಂಡು) ಅದ್ಸರಿ, ಆ ಆಟದಲ್ಲಿ ನಾನು ಚೆನ್ನಾಗಿ ನಿಲ್ತೀನಾ?

ಪ್ಲಂಬರ್: ಗೋಡೆ ಅತ್ತೆ, ಗೋಡೆ!

ಅತ್ತೆ: ನನ್ನ ಮಗಳಿಗೇನು ಕೆಲ್ಸ ಕೊಟ್ಟಿದೀರ?

ಹೆಂಡತಿ: ನಾನೇ ಎಲ್ರಿಗೂ ಗಾಯ ವಾಸಿ ಮಾಡೋಳು ಅಮ್ಮ. ಬಿಳಿ ಬಟ್ಟೆ, ಎಷ್ಟು ಲಕ್ಷಣವಾಗಿದೀನಿ ಗೊತ್ತಾ!

ಪ್ಲಂಬರ್: ಅದು ನೀನಲ್ಲ ಕಣೆ.

ಹೆಂಡತಿ: ಮತ್ಯಾರು?

ಪ್ಲಂಬರ್: ಪ್ಲಾಸ್ಟರ್ ಹಾಕಿದ್ರಲ್ಲ, ಆ ಡಾಕ್ಟ್ರಮ್ಮ.

ಹೆಂಡತಿ ಎದ್ದು ನಿಂತಳು. ಕೋಣೆಯಲ್ಲಿ ಫ್ಯಾನು ಕೂಡ ಮೆಲ್ಲಗೆ ತಿರುಗಿದಂತೆ ಪ್ಲಂಬರ್‌ಗೆ ಅನಿಸಿತು.

ಹೆಂಡತಿ: ಹದಿನೈದು ದಿನದಿಂದ ಬೆನ್ನು ಒರೆಸ್ತಿರೋಳು ನಾನು. ಒಂದು ಸಲ ಸುಣ್ಣ ಮೆತ್ತಿದೋಳು ಡಾಕ್ಟ್ರಮ್ಮ. ನಾನೆಲ್ಲಿ ಆಟದಲ್ಲಿ?

ಪ್ಲಂಬರ್: ನಿನ್ನ ಹಾಕೇ ಇಲ್ಲ.

ಹೆಂಡತಿ: ಕಳ್ಳತನಕ್ಕೆ ನನ್ನ ತಮ್ಮ, ಚಚ್ಚಿಸ್ಕೊಳ್ಳೋಕೆ ನಮ್ಮಮ್ಮ. ನನಗೊಂದು ಜಾಗ ಇರ್ಲಿಲ್ವಾ?

ಪ್ಲಂಬರ್‌ಗೆ ಮಾತು ಕಮ್ಮಿ. ಸುಳ್ಳು ಇನ್ನೂ ಕಮ್ಮಿ. ಇದ್ದದ್ದನ್ನೇ ಹೇಳಿದ.

ಪ್ಲಂಬರ್: ಇಡೋಕೆ ಹೋದೆ. ಅಲ್ಲಿ ಎಲ್ರಿಗೂ ಏಟು ಬೀಳುತ್ತೆ ಕಣೆ. ನಿನ್ನ ಹೆಸರಿಟ್ಟು ಅಲ್ಲಿ ನಿಲ್ಸೋಕೆ ಮನಸ್ಸು ಬರ್ಲಿಲ್ಲ.

ಹೆಂಡತಿ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತು, ಅವನ ಕಾಲಿನ ದಿಂಬು ಸರಿಮಾಡಿದಳು. ಪ್ಲಂಬರ್ ಬಚಾವಾದೆ ಎಂದು ಉಸಿರು ಬಿಟ್ಟ.

ಆಗ ಪ್ಲಾಸ್ಟರಿನ ಮೇಲಿಂದ ದನಿ ಬಂತು.

ಅತ್ತೆ: ನನ್ನ ನಿಲ್ಸೋಕೆ ಮನಸ್ಸು ಬಂತಾ ಅಳಿಯಂದ್ರೇ? ಬಾಗಿಲು ತೆಗೆದಿಟ್ಟಿರಿ. ಈಗಲೇ ಬರ್ತೀನಿ.