ಇಲ್ಲದ ಅಕ್ಕನ ಮಗ

“ಮನಿ ನಂದು, ಮಾಳಿಗಿ ನಂದು. ಅಲ್ಲಿ ಯಾರು ಮಲಗ್ತಾರ ಅಂತ ನಾ ಯಾಕ ಬರೆಸಬೇಕು?”

ಸಣ್ಣಬಸಪ್ಪ ಕನ್ನಡಿಯ ಮುಂದೆ ನಿಂತು ಹಣೆಗೆ ವಿಭೂತಿ ಎಳೆಯುತ್ತ ಹೀಗೆ ಕೇಳಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕನ್ನಡಿಯೊಳಗಿನವನ ಮುಖ ನೋಡಿದರೆ, ಇವನಿಂದ ಏನೂ ಆಗುವುದಿಲ್ಲ ಎಂದು ಸಣ್ಣಬಸಪ್ಪನಿಗೇ ಅನ್ನಿಸಿತು.

ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಕೊಟ್ಟವರು ವಾರ್ಡ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು, ಮಾಡಿಸದವರ ಬಾಗಿಲಿಗೆ ನೋಟೀಸು ಅಂಟಿಸುತ್ತೇವೆ ಎಂದು ಆಟೋದ ಮೈಕು ಸಾರಿಹೋಗಿ ಬಹಳ ದಿನವಾಗಿತ್ತು. ಜೀನ್ಸ್ ಪ್ಯಾಂಟುಗಳಿಗೆ ಕಾಜಾ ಹಾಕುವುದು ಸಣ್ಣಬಸಪ್ಪನ ಕಸುಬು. ದಿನವಿಡೀ ಬಟ್ಟೆಗೆ ತೂತು ಮಾಡುವವನಿಗೆ ನಿಯಮದಲ್ಲೂ ಒಂದು ತೂತು ಸಿಕ್ಕೀತೆಂಬ ನಂಬಿಕೆ. ನೋಂದಣಿಯೆಂದರೆ ಬಾಡಿಗೆಗೆ ಕೊಟ್ಟ ಮಾಳಿಗೆಯ ಕೋಣೆ ತೋರಿಸಬೇಕು. ಅದೋ, ಚಿಂದಿಬಟ್ಟೆಯ ಮೂಟೆ ಇಡುತ್ತಿದ್ದ ಜಾಗ. ಅದರ ಬಾಗಿಲು ಈಗಲೂ ನಿಂತಿರುವುದು ಒಂದು ಜೀನ್ಸ್ ಪಟ್ಟಿಯ ದಯೆಯಿಂದ. ಗುಡಿಬಂಡೆಯಿಂದ ಡಿಪ್ಲೊಮಾ ಓದಲು ಬಂದ ಬಸವರಾಜು ಅಲ್ಲಿ ಬಾಳುತ್ತಿದ್ದದ್ದು ಅವನ ದೊಡ್ಡ ಗುಣ.

ಇವತ್ತೊಂದು ದಿನ ಬಾಗಿಲಿಗೆ ನೋಟೀಸು ಅಂಟದಿದ್ದರೆ ಸಾಕಿತ್ತು. ಸಂಜೆ ಕಣೇಕಲ್ಲಿನಿಂದ ಗಂಡಿನ ಕಡೆಯವರು ಮಗಳು ತನುಶ್ರೀಯನ್ನು ನೋಡಲು ಬರುವವರಿದ್ದರು. ಕಾಲುವೆ ನೀರಿನ ಗದ್ದೆ, ಸ್ವಂತ ಅಕ್ಕಿ ಮಿಲ್ಲು. ಇಂಥವರು ತನ್ನ ಹೊಸ್ತಿಲಿಗೆ ಬರುವುದು ದಾರಿ ತಪ್ಪಿದರೆ ಮಾತ್ರ ಎಂದು ಸಣ್ಣಬಸಪ್ಪ ಬಲ್ಲ. ತಾಯಿಯಿಲ್ಲದ ಮಗಳು, ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ದಾರಿ ತಪ್ಪಿ ಬಂದವರು ಬಾಗಿಲ ಮೇಲಿನ ನೋಟೀಸು ಓದಿದರೆ ದಾರಿ ನೆನಪಾಗಿ ಹೊರಟುಬಿಡುತ್ತಾರೆ.

ಅಷ್ಟರಲ್ಲಿ ಪಕ್ಕದ ಜಿಪ್ಪು ಗುಂಡಿ ಅಂಗಡಿಯ ಉಮಾಮಹೇಶ್ವರ ಒಳಗೆ ಇಣುಕಿದ. “ಆಫೀಸಿನ ಮೇಡಂ ಓಣಿಗೆ ಬಂದಾರ. ಬಾಡಿಗಿಯವ ಅಂದ್ರ ನೋಂದಣಿ. ಬಳಗದವ ಅಂದ್ರ ಯಾತರ ನೋಂದಣಿ? ಅಕ್ಕನ ಮಗ ಅಂದುಬಿಡ್ರಿ.”

“ನನಗ ಅಕ್ಕ ಇಲ್ಲಲ್ಲೋ.”

“ಅದು ಮೇಡಂಗ ಗೊತ್ತೈತೇನು?”

ವಾರ್ಡ್ ಕಚೇರಿಯ ಹೇಮಾ ಮೊಬೈಲು ಹಿಡಿದು ಬಾಗಿಲಿಗೆ ಬಂದಳು. “ಮ್ಯಾಲೆ ಇರೋರು ಯಾರ್ರಿ?”

“ನಮ್ಮಕ್ಕನ ಮಗ್ರಿ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಹೇಳಿ ರೂಢಿಯಿಲ್ಲದವನಿಗೆ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿಯದು. “ಮಡಕಶಿರಾ ಕಡೆ ಕೊಟ್ಟಿದ್ವಿ. ಹೋಗಿಬಿಟ್ಲು. ಅವಾಗಿಂದ ಈ ಹುಡುಗನ್ನ ನಾನ ಸಾಕೀನಿ” ಎಂದ. ಇಲ್ಲದ ಅಕ್ಕನನ್ನು ಹುಟ್ಟಿಸಿ, ಮದುವೆ ಮಾಡಿ, ಸಾಯಿಸಿ, ಕಣ್ಣೊರೆಸಿಕೊಂಡ. ಕಣ್ಣೀರು ನಿಜವಾಗಿಯೂ ಬಂದಿತ್ತು. ಹೇಮಾ ಮರುಗಿದಳು, ‘ಬಂಧು’ ಎಂದು ಬರೆದು ಸಹಿ ಹಾಕಿಸಿಕೊಂಡು ಮುಂದಿನ ಮನೆಗೆ ಹೋದಳು.

ಎದುರು ಕಟ್ಟೆಯ ಮೇಲೆ ಪ್ಯಾಂಟಿನ ದಾರ ಕತ್ತರಿಸುತ್ತಿದ್ದ ಅಂಬಮ್ಮನ ಕತ್ತರಿ ನಿಂತಿತು. “ಅಲ್ಲೋ ಬಸಪ್ಪ, ಅಕ್ಕನ ಮಗನ್ನ ಮನ್ಯಾಗ ಇಟ್ಕೊಂಡು ಕಣೇಕಲ್ಲಿನವ್ರನ್ನ ಯಾಕ ಕರಸ್ತಿ? ಹುಡುಗಿ ಮ್ಯಾಲ ಮೊದಲ ಹಕ್ಕು ಸೋದರಳಿಯಂದಲ್ಲೇನು?”

ನಿಜ ಹೇಳೋಣವೆಂದರೆ ಹೇಮಾ ಇನ್ನೂ ಓಣಿಯಲ್ಲೇ ಇದ್ದಳು. ಸಣ್ಣಬಸಪ್ಪ “ಹೌದವ್ವ” ಎಂದ.

ಪುರಾಣ ಓದುವವನು ಒಂದು ಸಾಲು ಓದಿ ಸುಮ್ಮನಾಗುತ್ತಾನೆ. ಅರ್ಥ ಹೇಳುವವನು ಅದನ್ನೇ ಬೆಳತನಕ ಎಳೆಯುತ್ತಾನೆ. ಸಣ್ಣಬಸಪ್ಪನ ಒಂದು ಸಾಲಿಗೆ ಇಡೀ ಓಣಿ ಅರ್ಥ ಹೇಳಲು ಕುಳಿತಿತು. ಮಧ್ಯಾಹ್ನ ಕಾಲೇಜಿನಿಂದ ಬಂದ ಬಸವರಾಜು ಗಾಬರಿಯಾಗಿದ್ದ.

“ಅಂಕಲ್, ಅಂಬಮ್ಮಜ್ಜಿ ನನ್ ಬಾಯಿಗೆ ಬೆಲ್ಲ ಹಾಕುದ್ಲು. ನಾನು ಪಾಸಾಗಿದೀನಿ ಅಂತ ಯಾರಾನ ಹೇಳುದ್ರಾ? ನಂಗಂತೂ ನಂಬ್ಕೆ ಇಲ್ಲ.”

“ಸಂಜಿ ತನಕ ನೀ ನಮ್ಮಕ್ಕನ ಮಗ. ಸುಮ್ನಿರು.”

“ಮತ್ತೆ ನಮ್ಮವ್ವ?”

“ತೀರಿಕೊಂಡಾಳ.”

“ಈಗ್ತಾನೆ ಫೋನ್ ಮಾಡಿ ಉಂಡ್ಯಾ ಅಂತ ಕೇಳುದ್ಲಲ್ಲ ಅಂಕಲ್.”

ಆಗಲೇ ಕಣೇಕಲ್ಲಿನಿಂದ ಗಂಡಿನ ತಂದೆ ದೊಡ್ಡಮಲ್ಲಪ್ಪನ ಫೋನು ಬಂತು. ದನಿಯಲ್ಲಿ ಮಠದ ಜಗಲಿಯ ಗಾಂಭೀರ್ಯವಿತ್ತು. “ಮನ್ಯಾಗ ಸೋದರಳಿಯ ಅದಾನಂತ. ತಾಯಿ ಇಲ್ಲದ ಹುಡುಗನ ಪಾಲಿನ ಹೆಣ್ಣನ್ನ ಕೇಳಿದ್ರ ಶಿವ ಮೆಚ್ಚಂಗಿಲ್ರಿ. ನಾವು ಬರೋದಿಲ್ಲ.”

“ಅಯ್ಯೋ, ಅವ ಬಾಡಿಗಿ ಹುಡುಗರೀ.”

“ಹಂಗಾರ ನೋಂದಣಿ ಚೀಟಿ ಇರಬೇಕಲ್ಲ. ನಮ್ಮ ಮಿಲ್ಲಿನ ಹಿಂದಿನ ಮನ್ಯಾಗೂ ಹುಡುಗ್ರು ಅದಾರ, ಮಾಡಿಸೀವಿ. ಅದನ್ನ ತೋರಿಸ್ರಿ, ಬರ್ತೀವಿ.”

ಸಣ್ಣಬಸಪ್ಪ ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ವಾರ್ಡ್ ಕಚೇರಿಗೆ ಓಡಿದ. ಬೆಳಿಗ್ಗೆ ಯಾವುದರಿಂದ ತಪ್ಪಿಸಿಕೊಂಡಿದ್ದನೋ ಅದನ್ನೇ ಈಗ ಕೈಮುಗಿದು ಬೇಡುವಂತಾಗಿತ್ತು. ಇಷ್ಟು ಚೆನ್ನಾಗಿ ತನ್ನನ್ನು ಕೆಡಿಸಲು ಶತ್ರುವಿನಿಂದಲೂ ಆಗುತ್ತಿರಲಿಲ್ಲ ಎಂದುಕೊಂಡ.

“ಮೇಡಂ, ಆ ಹುಡುಗ ಬಾಡಿಗಿಯವ. ಈಗಿಂದೀಗ ನೋಂದಣಿ ಮಾಡ್ರಿ. ಮುಂಜಾನಿ ನಾ ಸುಳ್ಳು ಹೇಳಿದ್ನಿ.”

ಹೇಮಾ ಅವನನ್ನೇ ನೋಡಿದಳು. “ಮುಂಜಾನಿದು ಸುಳ್ಳೋ, ಈಗಿಂದು ಸುಳ್ಳೋ? ನೀವು ಅತ್ತಿದ್ದಂತೂ ಮುಂಜಾನಿ.”

“ದೇವರಾಣಿ, ಬಾಡಿಗಿಯವ್ರಿ.”

“ನಿಮ್ಮ ಮಾತು ಬ್ಯಾಡ. ಮನಿಯವರು ಇನ್ನೊಬ್ರು ಬಂದು ಹೇಳಲಿ. ಆಮ್ಯಾಲ ಕೋಣಿ ನೋಡೋಣ.”

ಇನ್ನೊಬ್ಬರೆಂದರೆ ತನುಶ್ರೀ ಒಬ್ಬಳೇ. ಅವನು ಏದುಸಿರು ಬಿಡುತ್ತ ಮನೆಗೆ ಬಂದಾಗ ಅವಳು ಕಾಜಾ ಹಾಕಿದ ಪ್ಯಾಂಟುಗಳನ್ನು ಮಡಚುತ್ತಿದ್ದಳು.

“ಯಾವ ಪುಣ್ಯಾತ್ಮ ಕಣೇಕಲ್ಲಿಗೆ ಸುದ್ದಿ ಮುಟ್ಟಿಸಿದ್ನೋ” ಎಂದು ಅವನು ಗೋಡೆಗೊರಗಿದ.

“ನಾನ ಮುಟ್ಟಿಸಿದ್ದು.” ಅವಳು ತಲೆಯೆತ್ತಲಿಲ್ಲ. “ಆ ಗಂಡು ಬ್ಯಾಡ ಅಂತ ಉಗಾದಿಯಿಂದ ಹೇಳಿಕೋತ ಬಂದೆ, ನಿನಗ ಕೇಳಿಸಲಿಲ್ಲ. ನೀ ಹೇಳಿದ್ದನ್ನ ಅವ್ರಿಗೆ ಹೇಳಿದೆ, ಒಂದ ಸಲಕ್ಕ ಕೇಳಿಸ್ತು.”

ಸಣ್ಣಬಸಪ್ಪ ನಿಂತಲ್ಲೇ ಕುಳಿತ. “ಹಂಗಾರ... ಬಸವರಾಜು?”

“ಅವನೂ ಬ್ಯಾಡ. ಅವ ಬಾಡಿಗಿಯವ.”

“ಅಷ್ಟ ಸಾಕು ತಾಯಿ” ಎಂದು ಅವನು ಎದ್ದು ನಿಂತ. “ಅಷ್ಟನ್ನ ಆಫೀಸಿಗೆ ಬಂದು ಮೇಡಂ ಮುಂದ ಹೇಳಿಬಿಡು.”

ತನುಶ್ರೀ ಇನ್ನೊಂದು ಪ್ಯಾಂಟು ಎತ್ತಿಕೊಂಡು, ಕಾಲಿಗೆ ಕಾಲು ಸರಿಯಾಗಿ ಕೂಡಿಸಿ ಮಡಚಿದಳು.

“ನಮ್ಮಪ್ಪ ಸತ್ತ ಅಕ್ಕನ್ನ ನೆನೆಸಿ ಕಣ್ಣೀರು ಹಾಕಿ ಹೇಳಿದ ಮಾತು ಸುಳ್ಳು ಅಂತ ಹೇಳಲೇನು? ನಾ ಹೇಳಂಗಿಲ್ಲ.”