ಕೊರಳಾಗಿನ ಹತ್ತು ರಾಣಿ ರೂಪಾಯಿ

ನಮ್ಮ ನವಲಗುಂದದ ಓಣ್ಯಾಗ ಯಾರದಾರ ಒಬ್ಬರ ಮಾನ ಹೋಗದ ವಾರ ಕಳ್ಯೂದಿಲ್ಲ. ಮಂದೀದು ಹೋದ್ರ ನನಗ ಉಂಡದ್ದು ಚೊಲೋ ಪಚನ ಆಗ್ತಿತ್ತು. ಆದ್ರ ಬಾಜು ಮನಿ ಮಾಸ್ತರು ನೌಕರಿ ಮುಗಿಸಿ ಹಳೇ ನಾಣ್ಯದ ಹುಚ್ಚು ಹಚ್ಚಿಕೊಂಡಾಗಿಂದ ನನ್ನ ಎದ್ಯಾಗ ಡವಡವ. ನಮ್ಮತ್ತಿ ಕೊಟ್ಟ ಸರದಾಗ ಹತ್ತು ರಾಣಿ ರೂಪಾಯಿ, ಬ್ರಿಟಿಷರ ರಾಣಿ ಮುಖ ಇದ್ದ ಬೆಳ್ಳಿವು. ಒಂದು ಹೊಲದಾಗ ಬಿದ್ದು ಹೋಗಿತ್ತು. ಯಾರಿಗೂ ಹೇಳದ, ಅಣ್ಣಿಗೇರಿ ಸಂತ್ಯಾಗ ಅಂಥಾದ್ದ ಒಂದು ಕೊಂಡು ಪೋಣಿಸಿದ್ದೆ. ನಾದಿನಿಗೆ ತಿಳಿದ್ರ, "ನಮ್ಮವ್ವನ ಬೆಳ್ಳಿ ತವರಿಗೆ ಸಾಗಿಸ್ಯಾಳ" ಅಂತ ಕುಂದಗೋಳತನಕ ಡಂಗುರ ಹೊಡೀತಿದ್ಲು.

೧. ಹುಣಸಿಹಣ್ಣು

ಮಾಸ್ತರು ಕಂಪನಿ ಸರಕಾರದ ತಾಮ್ರದ ದುಡ್ಡು ಒಂದು ಡಬ್ಬಿ ಕೂಡಿಸಿದ್ರು. ಲಕ್ಷ್ಮೀ ಪೂಜಾ ಬಂತು. ಅವರ ಹೆಂಡತಿ ಎಲ್ಲಾಕ್ಕೂ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ, ಫಳಫಳ ಮಾಡಿ ದೇವರ ಮುಂದ ಇಟ್ಲು. ಮಾಸ್ತರು ತಲಿ ಹಿಡಕೊಂಡು ಕುಂತ್ರು.

"ಆ ಕಪ್ಪಿಗೇ ಬೆಲಿ ಬರ್ತಿತ್ತಲೇ! ಅಕ್ಷರಾನೂ ಅಳಿಸಿಬಿಟ್ಟಿ!"

"ಹಳೇ ಹೊಲಸಿಗೆ ಬೆಲಿ ಬರ್ತೈತಂದ್ರ, ಇನ್ನಮ್ಯಾಲೆ ನಿಮ್ಮ ಬನೀನು ಒಗ್ಯಂಗಿಲ್ಲ ಬಿಡ್ರಿ."

೨. ಗೌಡ್ತಿ ಕೊರಳು

ಆವಾಗ ಇಡೀ ಓಣಿಗೆ ಟೀವಿ ಇದ್ದದ್ದು ಗೌಡರ ಮನ್ಯಾಗ ಒಂದ. ಒಂದು ಐತವಾರ ಎಲ್ಲಾರೂ ಟೀವಿ ನೋಡಾಕತ್ತಿದ್ರ, ಮಾಸ್ತರು ಭೂತಗನ್ನಡಿ ಹಿಡಕೊಂಡು ಗೌಡ್ತಿ ಕೊರಳು ನೋಡಾಕತ್ತಿದ್ರು.

"ಏನ್ರೀ ಮಾಸ್ತರ, ಟೀವಿ ಆ ಕಡೆ ಐತಿ!" ಅಂತ ಗೌಡ್ರು ಗುಡುಗಿದ್ರು.

"ಸರದಾಗಿನ ರೂಪಾಯಿ ಮ್ಯಾಲಿನ ಇಸವಿ ಓದಾಕತ್ತೇನ್ರಿ."

ಗೌಡ್ತಿ ಗಂಡಗ ಅಂದ್ಲು: "ಓದ್ಲಿ ಬಿಡ್ರಿ. ಮೂವತ್ತು ವರ್ಷದಾಗ ನೀವು ಒಮ್ಮಿನೂ ಈ ಕಡೆ ಇಷ್ಟು ಲಕ್ಷ್ಯ ಕೊಟ್ಟು ನೋಡಿಲ್ಲ."

ಸಂಜಿಯೊಳಗ ಹತ್ತು ಮನಿಗೆ ಸುದ್ದಿ ಮುಟ್ಟಿಸಿದೆ. ಮನಿಗೆ ಬಂದು ನನ್ನ ಸರ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಹುಗಿದೆ.

೩. ಪಾಲು

ಅಂಜಿದ್ದ ಆತು. ನಾದಿನಿ ಬಂದು, "ವೈನಿ, ಮಗಳ ಮದಿವಿ ಐತಿ. ಅವ್ವನ ಸರ ಐದೈದು ಹಂಚಿಕೊಳ್ಳೂಣು. ಮೊದಲ ಮಾಸ್ತರು ಎಲ್ಲಾ ನೋಡ್ಲಿ," ಅಂದ್ಲು. ಸರ ಹಿಟ್ಟು ಝಾಡಿಸಿ ಕೊಟ್ಟೆ.

ಮಾಸ್ತರು ಒಂದೊಂದೇ ಬಿಚ್ಚಿ ನೋಡಿದ್ರು. ಒಂಬತ್ತು ಈ ಕಡೆ, ಒಂದು ಆ ಕಡೆ ಇಟ್ರು.

"ಇದೊಂದ ಬ್ಯಾರೆ ಐತಿ," ಅಂದ್ರು.

ಅದ ಅಣ್ಣಿಗೇರಿ ಸಂತೀದು!

"ನನಗ ಗೊತ್ತಿತ್ತು!" ನಾದಿನಿ ಜಿಗದ್ಲು. "ಅದು ಖೋಟಾ, ಹೌದಲ್ರಿ?"

"ಅಲ್ಲವಾ, ಇದೊಂದ ಖರೇದು. ಉಳಿದ ಒಂಬತ್ತೂ ಖೋಟಾ. ಮುಖ ರಾಣೀದು, ಇಸವಿ ನೋಡಿದ್ರ ಆಕಿ ಸತ್ತು ಹತ್ತು ವರ್ಷ ಆದಮ್ಯಾಲಿಂದು."

"ವೈನಿ, ಏನ್ ಮಾಡಿದಿಬೇ?"

"ಆಕಿ ಮ್ಯಾಲೆ ಹಾಯಬ್ಯಾಡ," ಮಾಸ್ತರು ತಡದ್ರು. "ಕೊಂಡಿ ಎಷ್ಟು ಸವದಾವು ನೋಡು. ಈ ಒಂಬತ್ತೂ ನಿಮ್ಮವ್ವನ ಕಾಲದವ."

ನಾದಿನಿ ಸಂತಿ ರೂಪಾಯಿ ಎತ್ತಿ ಕಣ್ಣಿಗೊತ್ತಿಕೊಂಡು ಹೋ ಅಂತ ಅತ್ಲು.

"ಪಾಪ, ನಮ್ಮವ್ವ ಮಗಳಿಗಂತ ಖರೇದೊಂದು ಉಳಿಸಿಟ್ಟಿದ್ಲು! ಒಂಬತ್ತೂ ನೀನ ಇಟಗೋ ವೈನಿ. ನನಗೇನು ಆಸೆ ಇಲ್ಲ, ಅವ್ವನ ನೆನಪಿಗೆ ಇದೊಂದು ಸಾಕು."

ನಗು ತಡ್ಯಾಕ ನಾನು ಸೆರಗು ಬಾಯಾಗ ತುರುಕಿಕೊಂಡೆ. ಭುಜ ಕುಣ್ಯಾಕತ್ತಿದ್ವು.

ಮಾಸ್ತರು ನನ್ನ ನೋಡಿ ಮರಗಿದ್ರು: "ಅಳಬ್ಯಾಡ್ರಿ ಅಕ್ಕಾರ. ಅತ್ತಿ ಮ್ಯಾಲೆ ಎಷ್ಟು ಜೀವ ಐತ್ರಿ ನಿಮ್ಮದು!"