ಷಡ್ಡಕನ ಹಿಮಾಲಯ

ಮೊದಲೇ ಹೇಳಿಬಿಡುತ್ತೇನೆ, ನನ್ನ ಷಡ್ಡಕನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಹಿಮಾಲಯವನ್ನು ಒಮ್ಮೆಯೂ ಕಣ್ಣಾರೆ ಕಾಣದ ಮನುಷ್ಯ ಅದರ ಶಿಖರಗಳನ್ನೆಲ್ಲ ಸ್ವಂತ ಅಣ್ಣತಮ್ಮಂದಿರಂತೆ ಹೆಸರು ಹಿಡಿದು ಕರೆದರೆ ನನಗೇನು ನಷ್ಟ? ನಷ್ಟ ಒಂದೇ. ಐದನೇ ಇಯತ್ತೆಯ ನನ್ನ ಮಗಳು, ಏನೇ ಸಂಶಯ ಬಂದರೂ ಪಣಜಿಯ ಮನೆಯಲ್ಲಿ ಎದುರಿಗೇ ಕೂತಿರುವ ನನ್ನನ್ನು ಬಿಟ್ಟು ದೂರದ ಸಾಂಖಳಿಯಲ್ಲಿರುವ ಅವನಿಗೆ ಫೋನ್ ಹಚ್ಚುತ್ತಾಳೆ. "ಕಾಕಾಗ ಎಲ್ಲಾ ಗೊತ್ತದ!" ಅಪ್ಪನಿಗೆ? ಅಪ್ಪನಿಗೆ ಗ್ಯಾಸ್ ಬುಕ್ ಮಾಡುವುದು ಗೊತ್ತು!

ಈ ಪುಣ್ಯಾತ್ಮ ತನ್ನ ಮನೆಯ ಹಿಂದಿನ ಕೆಂಪು ಗಣಿಮಣ್ಣಿನ ಗುಡ್ಡೆಗೆ ಧವಳಗಿರಿ ಎಂದು ಹೆಸರಿಟ್ಟಿದ್ದಾನೆ. ಅದನ್ನಾದರೂ ಹತ್ತಿದ್ದಾನೆಯೇ? ರಾಮ ರಾಮ! ನಮ್ಮ ಮೂರನೇ ಮಹಡಿಗೆ ಬರುವಷ್ಟರಲ್ಲೇ ಎರಡು ಕಡೆ ಕೂತು ನೀರು ಕುಡಿಯುತ್ತಾನೆ.

"ಅವಸರ ಮಾಡಬಾರದ್ರಿ ಅಣ್ಣಾರ. ಎವರೆಸ್ಟ್ ಹತ್ತಾವ್ರೂ ಹಿಂಗ ನಡುನಡುವ ಡೇರೆ ಹಾಕ್ತಾರ."

ಊಟಕ್ಕೆ ಕೂತರೆ ಅನ್ನವನ್ನು ಮೂರು ಸಾಲು ಮಾಡುತ್ತಾನೆ. ಕೆಳಗೆ ಶಿವಾಲಿಕ, ನಡುವೆ ಹಿಮಾಚಲ, ಮೇಲೆ ಹಿಮಾದ್ರಿ. ಸಾರು ಬಿಟ್ಟು ಗಂಗೆಯನ್ನೂ ಹರಿಸುತ್ತಾನೆ. ಮಗಳು ಊಟ ಮರೆತು ನೋಡುತ್ತಾಳೆ. ಆಮೇಲೆ ನನ್ನ ಹೆಂಡತಿಯತ್ತ ತಿರುಗಿ, "ಅಕ್ಕಾರ, ಶಿಖರದ ಮ್ಯಾಲೆ ಹಿಮ ಬ್ಯಾಡೇನ್ರಿ?" ಎನ್ನುತ್ತಾನೆ. ಕೊಲೆಸ್ಟ್ರಾಲ್ ಎಂದು ನನಗೆ ತುಪ್ಪದ ವಾಸನೆ ಮಾತ್ರ ತೋರಿಸುವ ನನ್ನ ಹೆಂಡತಿ ಅವನಿಗೆ ಮೂರು ಚಮಚ ಹಿಮ ಸುರಿಯುತ್ತಾಳೆ!

ನಾನೂ ಸುಮ್ಮನಿರಲಿಲ್ಲ. ಆಫೀಸಿನಲ್ಲಿ ಫೈಲಿನ ಕೆಳಗೆ ಅಟ್ಲಾಸ್ ಇಟ್ಟುಕೊಂಡು ತಿಂಗಳುಗಟ್ಟಲೆ ಓದಿದೆ. ಒಂದು ಭಾನುವಾರ, ಮಗಳ ಎದುರಿಗೇ ಬಾಣ ಬಿಟ್ಟೆ: "ಹಿಮಾಲಯದಾಗ ಎರಡನೇ ಎತ್ತರದ ಶಿಖರ ಯಾವುದು ಹೇಳ್ರಿ?"

"ಕಾಂಚನಜುಂಗಾ."

"ತಪ್ಪು! ಕೆ-ಟು!" ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಅವನು ಮೆಲ್ಲಗೆ, "ಕೆ-ಟು ಎತ್ತರ ಖರೇನ್ರಿ ಅಣ್ಣಾರ. ಆದ್ರ ಅದು ಹಿಮಾಲಯದಾಗ ಇಲ್ಲ, ಕಾರಾಕೋರಂದಾಗ ಅದ," ಎಂದ. ಮಗಳು ಬಿದ್ದುಬಿದ್ದು ನಕ್ಕಳು. ನಾನು ಮತ್ತೆ ಕೂತೆ.

ಅಂದೇ ಶಪಥ ಮಾಡಿದೆ. ಅವನಿಗಿಂತ ಮೊದಲು ಹಿಮಾಲಯ ನೋಡುತ್ತೇನೆ! ಮಗಳಿಗೆ ನಾನೇ ತೋರಿಸುತ್ತೇನೆ! ರಜೆ ಹಾಕಿ ಹೆಂಡತಿ ಮಗಳನ್ನು ಕರೆದುಕೊಂಡು ಡಾರ್ಜಿಲಿಂಗ್‌ಗೆ ಹೋದೆ. ಅಲ್ಲಿಂದ ಕಾಣುವ ಕಾಂಚನಜುಂಗಾದ ಅಕ್ಕಪಕ್ಕದ ಶಿಖರಗಳನ್ನೂ ರೈಲಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ.

ಬೆಳಗಿನ ಬಿಸಿಲಿಗೆ ಕಾಂಚನಜುಂಗಾ ಬಂಗಾರದ ಬಣ್ಣಕ್ಕೆ ತಿರುಗಿತು. ಅವನ ಹೊಟ್ಟೆ ಉರಿಸಲೆಂದೇ ನಾನು ವಿಡಿಯೋ ಕಾಲ್ ಮಾಡಿದೆ. ಅವನು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಪೂಜೆಗೆ ಕೂತವನಂತೆ ಫೋನಿನ ಮುಂದೆ ಕೂತಿದ್ದ. ನಾವು ಅಲ್ಲಿ ಮುಟ್ಟುವ ಸುದ್ದಿ ನನ್ನ ಹೆಂಡತಿಯಿಂದ ತಿಳಿದು ನಸುಕಿನಿಂದ ಕಾಯುತ್ತಿದ್ದನಂತೆ. ನಾನು ಬೆಟ್ಟದ ಕಡೆ ಫೋನ್ ತಿರುಗಿಸುವ ಮೊದಲೇ ಗಾಬರಿಯಿಂದ ಕೂಗಿದ:

"ಅಣ್ಣಾರ, ಕಿವಿ ಬಿಟ್ಕೊಂಡು ನಿಂತೀರಲ್ರಿ! ಮೊದಲ ಮಫ್ಲರ್ ಸುತ್ಕೋರಿ. ಕಾಂಚನಜುಂಗಾ ಎಲ್ಲಿ ಓಡಿ ಹೋಗ್ತದ?"

ನಾನು ಮಫ್ಲರ್ ಸುತ್ತಿಕೊಂಡೆ. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಮಗಳು ನನ್ನ ಕೈ ಜಗ್ಗಿದಳು. "ಅಪ್ಪಾ, ಕಾಂಚನಜುಂಗಾದ ಎಡಗಡೆ ಕಾಣಾಕತ್ತದಲ್ಲ, ಅದು ಯಾವ ಶಿಖರ?"

ಕಬ್ರು! ನಾಲಿಗೆಯ ತುದಿಯಲ್ಲಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ನನ್ನನ್ನು ಕೇಳಿದ್ದಳು.

ನಾನು ಫೋನನ್ನು ಬೆಟ್ಟದ ಕಡೆ ಎತ್ತಿ ಹಿಡಿದೆ.

"ನನಗ ಗೊತ್ತಿಲ್ಲವ್ವಾ," ಎಂದೆ, "ಕಾಕಾನ್ನ ಕೇಳು."